ಮೊಬೈಲ್ ವಿಡಿಯೊ ನೋಡಿ ಗೋಲು ಕೊಡಬಹುದೇ?

ಪ್ರಶ್ನೆ: ನಾವು ಎಂಟು ತಂಡಗಳ ಹವ್ಯಾಸಿ ಫುಟ್‌ಬಾಲ್ ಲೀಗ್ ನಡೆಸುತ್ತೇವೆ. ಕಳೆದ ಫೈನಲ್‌ನ ಕೊನೆಯ ನಿಮಿಷಗಳಲ್ಲಿ ಬಂದ ಗೋಲನ್ನು ರೆಫರಿ ಆಫ್‌ಸೈಡ್ ಎಂದು ರದ್ದುಪಡಿಸಿದರು. ಪ್ರೇಕ್ಷಕರೊಬ್ಬರು ಮೊಬೈಲ್‌ನಲ್ಲಿ ತೆಗೆದ ವಿಡಿಯೊ ನೋಡಿದರೆ ಆಟಗಾರ ಆಫ್‌ಸೈಡ್ ಆಗಿರಲಿಲ್ಲ ಎಂದೇ ಅನ್ನಿಸುತ್ತದೆ. ಆ ವಿಡಿಯೊ ಎಲ್ಲರಿಗೂ ಹರಡಿತು. ಸೋತ ತಂಡ ಇಂದಿಗೂ ಫಲಿತಾಂಶವನ್ನು ಒಪ್ಪಿಲ್ಲ, ಆ ರೆಫರಿ ಇನ್ನು ನಮ್ಮ ಪಂದ್ಯಗಳಿಗೆ ಬರುವುದಿಲ್ಲ ಎಂದಿದ್ದಾರೆ. ಈ ಸಲ ಎರಡು ಕ್ಯಾಮೆರಾ ಇಟ್ಟು, ಅನುಮಾನ ಬಂದಾಗ ರೆಫರಿ ಟೀವಿ ನೋಡಿ ತೀರ್ಪು ಕೊಡಲಿ ಎಂದು ಸಮಿತಿಯ ಅರ್ಧದಷ್ಟು ಜನ ಹೇಳುತ್ತಾರೆ. ಹತ್ತಾರು ಕ್ಯಾಮೆರಾ ಇರುವ ದೊಡ್ಡ ಲೀಗ್‌ಗಳಲ್ಲೇ ಜಗಳ ನಿಂತಿಲ್ಲ, ನಮಗೇಕೆ ಎಂಬುದು ಉಳಿದವರ ವಾದ. ವಿಡಿಯೊ ತುಣುಕನ್ನು ಜೊತೆಗೆ ಕಳುಹಿಸಿದ್ದೇನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಆ ಗೋಲು ನ್ಯಾಯವಾಗಿ ಸಲ್ಲಬೇಕಿತ್ತೇ ಎಂಬುದು ಒಂದು. ಕ್ಯಾಮೆರಾ ಇದ್ದರೆ ಮುಂದೆ ಇಂಥ ಜಗಳ ತಪ್ಪುತ್ತದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕ್ಯಾಮೆರಾ ಖಂಡಿತ ಇಡಿ, ಆದರೆ ಪಂದ್ಯದ ನಡುವೆ ಅದನ್ನು ನೋಡಿ ತೀರ್ಪು ಕೊಡುವ ಯೋಜನೆಯನ್ನು ಕೈಬಿಡಿ. ರೆಫರಿಗಳಿಗೆ ತರಬೇತಿ ಕೊಡುತ್ತ, ಅವರ ಪಕ್ಕದಲ್ಲಿ ಕುಳಿತು ಪಂದ್ಯದ ದೃಶ್ಯಗಳನ್ನು ಮತ್ತೆ ಮತ್ತೆ ನೋಡುತ್ತ ಬಂದವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲು ನೀವು ಕಳುಹಿಸಿದ ತುಣುಕು. ಸಹ ಆಟಗಾರ ಪಾಸ್ ಕೊಡುವ ಕ್ಷಣದಲ್ಲಿ ಫಾರ್ವರ್ಡ್, ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲು ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಅದನ್ನು ತೆಗೆದವರು ಮಧ್ಯರೇಖೆಯ ಹತ್ತಿರ, ಅಂಚುಗೆರೆಯ ಹೊರಗೆ ನಿಂತಿದ್ದಾರೆ. ಡಿಫೆಂಡರ್ ಅವರಿಗೆ ಹತ್ತಿರದ ಬದಿಯಲ್ಲಿದ್ದಾನೆ, ಗೋಲು ಹೊಡೆದ ಫಾರ್ವರ್ಡ್ ಮೈದಾನದ ಆಚೆ ಬದಿಯಲ್ಲಿ. ಇಂಥ ಓರೆ ನೋಟದಲ್ಲಿ ಕಣ್ಣು ಮೋಸ ಹೋಗುತ್ತದೆ. ಇಬ್ಬರೂ ಗೋಲು ಗೆರೆಯಿಂದ ಸಮಾನ ದೂರದಲ್ಲಿದ್ದರೂ, ಮಧ್ಯರೇಖೆಯ ಕಡೆಯಿಂದ ನೋಡುವವರಿಗೆ ಹತ್ತಿರದ ಆಟಗಾರನೇ ಗೋಲಿಗೆ ಸಮೀಪ ಇರುವಂತೆ ಕಾಣುತ್ತಾನೆ. ಅದೇ ದೃಶ್ಯವನ್ನು ಮೂಲೆ ಬಾವುಟದ ಕಡೆಯಿಂದ ತೆಗೆದಿದ್ದರೆ ಎಲ್ಲವೂ ತಿರುಗುಮುರುಗು: ದೂರದ ಫಾರ್ವರ್ಡ್ ಮುಂದೆ ಇರುವಂತೆ ಕಂಡು, ಊರೆಲ್ಲ ಆಫ್‌ಸೈಡ್ ಎಂದು ಕೂಗುತ್ತಿತ್ತು. ಆಫ್‌ಸೈಡ್ ಗೆರೆಯ ನೇರಕ್ಕೆ ನಿಂತವರಿಗೆ ಮಾತ್ರ ಈ ಭ್ರಮೆ ಇಲ್ಲ. ಸಹಾಯಕ ರೆಫರಿ ಪಂದ್ಯವಿಡೀ ಕೊನೆಯಿಂದ ಎರಡನೆಯ ಡಿಫೆಂಡರ್‌ನ ನೇರಕ್ಕೆ ಓಡಾಡುತ್ತಲೇ ಇರುವುದು ಇದಕ್ಕಾಗಿ. ಆ ಕ್ಷಣದಲ್ಲಿ ನಿಮ್ಮ ಸಹಾಯಕ ರೆಫರಿ ಎಲ್ಲಿದ್ದರು ಎಂಬುದು ತುಣುಕಿನಲ್ಲಿ ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಆಫ್‌ಸೈಡ್ ಸ್ಥಾನವನ್ನು ಅಳೆಯಬೇಕಾದದ್ದು ಸಹ ಆಟಗಾರನ ಕಾಲು ಚೆಂಡಿಗೆ ತಗುಲಿದ ಮೊದಲ ಕ್ಷಣದಲ್ಲಿ. ಪಾಸ್ ಕೊಟ್ಟ ಆಟಗಾರ ನಿಮ್ಮ ತುಣುಕಿನ ಚೌಕಟ್ಟಿನಲ್ಲೇ ಇಲ್ಲ. ಚೆಂಡು ಚೌಕಟ್ಟಿನೊಳಗೆ ಬರುವಾಗ ಆಗಲೇ ಗಾಳಿಯಲ್ಲಿದೆ. ಅಂದ ಮೇಲೆ ಎಲ್ಲಿ ನಿಲ್ಲಿಸಿ ನೋಡುವುದು? ಪಾಸ್ ಕೊಟ್ಟವನು ಕಂಡಿದ್ದರೂ ಲೆಕ್ಕ ಸುಲಭವಿರಲಿಲ್ಲ. ಸಾಮಾನ್ಯವಾಗಿ ಮೊಬೈಲ್ ಸೆಕೆಂಡಿಗೆ 30 ಚಿತ್ರಗಳನ್ನು ಹಿಡಿಯುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುತ್ತಿರುವ ಫಾರ್ವರ್ಡ್ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬರುವಷ್ಟರಲ್ಲಿ ಸುಮಾರು 27 ಸೆಂಟಿಮೀಟರ್ ಸಾಗಿರುತ್ತಾನೆ. ಡಿಫೆಂಡರ್ ಅದೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರೆ ಇಬ್ಬರ ನಡುವಿನ ಅಂತರ ಅರ್ಧ ಮೀಟರಿಗೂ ಹೆಚ್ಚು ಬದಲಾಗಿರುತ್ತದೆ. ಚೆಂಡಿಗೆ ಕಾಲು ತಗುಲಿದ ನಿಜವಾದ ಕ್ಷಣ ಆ ಎರಡು ಚಿತ್ರಗಳ ನಡುವೆ ಎಲ್ಲೋ ಕಳೆದುಹೋಗಿರುತ್ತದೆ.

ಹಾಗಾಗಿ ಆ ವಿಡಿಯೊದಿಂದ ರೆಫರಿ ತಪ್ಪು ಮಾಡಿದರೆಂದು ಸಾಧಿಸಲು ಆಗುವುದಿಲ್ಲ. ಸರಿ ಮಾಡಿದರೆಂದೂ ಆಗುವುದಿಲ್ಲ. ಈ ಒಂದು ಮಾತನ್ನು ದಯವಿಟ್ಟು ಆ ರೆಫರಿಗೆ ತಲುಪಿಸಿ. ಏನನ್ನೂ ಸಾಬೀತು ಮಾಡದ ತುಣುಕೊಂದು ಅವರ ತಲೆಯ ಮೇಲೆ ಅಪವಾದ ಹೊರಿಸಿ ಕುಳಿತಿದೆ. ಅದು ನನಗೆ ನಿಜಕ್ಕೂ ಬೇಸರ ತಂದಿತು.

ಗೋಲು ಗೆರೆಯ ವಿಷಯದಲ್ಲೂ ಕಣ್ಣು ಹೀಗೆಯೇ ಮೋಸ ಹೋಗುತ್ತದೆ. ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರೆ ಮಾತ್ರ ಗೋಲು. ಚೆಂಡಿನ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಅದು ನೆಲಕ್ಕೆ ತಾಗುವುದು ನಡುವಿನ ಒಂದು ಬಿಂದುವಿನಲ್ಲಿ. ಆದ್ದರಿಂದ ಆ ಬಿಂದು ಗೆರೆಯಿಂದ 10 ಸೆಂಟಿಮೀಟರ್ ಆಚೆ ಇದ್ದು, ನಡುವೆ ಹಸಿರು ಹುಲ್ಲು ಎದ್ದು ಕಾಣುತ್ತಿದ್ದರೂ ಚೆಂಡಿನ ಉಬ್ಬು ಗೆರೆಯ ಮೇಲೆಯೇ ಚಾಚಿಕೊಂಡಿರುತ್ತದೆ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್ ಹೊಡೆದ ಎರಡನೆಯ ಗೋಲನ್ನು ನೆನಪಿಸಿಕೊಳ್ಳಿ. ಜಪಾನಿನ ಮಿತೋಮ ಚೆಂಡನ್ನು ಹಿಂದಕ್ಕೆ ತಳ್ಳುವ ಮೊದಲೇ ಅದು ಗೆರೆ ದಾಟಿ ಹೊರಹೋಗಿತ್ತು ಎಂದು ಟೀವಿ ಚಿತ್ರ ನೋಡಿದ ಕೋಟ್ಯಂತರ ಜನರಿಗೆ ಅನ್ನಿಸಿತು. ನೆತ್ತಿಯ ಮೇಲಿನಿಂದ ತೆಗೆದ ಚಿತ್ರ ಬಂದ ಮೇಲೆ ಚೆಂಡಿನ ಅಂಚು ಇನ್ನೂ ಗೆರೆಯ ಮೇಲಿತ್ತು ಎಂಬುದು ಗೊತ್ತಾಯಿತು. ಆ ಗೋಲಿನಿಂದ ಜಪಾನ್ 2-1ರಿಂದ ಗೆದ್ದಿತು, ಅದೇ ಗುಂಪಿನಲ್ಲಿದ್ದ ಜರ್ಮನಿ ಟೂರ್ನಿಯಿಂದ ಹೊರಬಿತ್ತು. ಒಂದೇ ಕೋನದ ಚಿತ್ರವನ್ನು ನಂಬಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ.

ಈಗ ನಿಮ್ಮ ಸಮಿತಿಯ ವಾದಕ್ಕೆ ಬರೋಣ. ಕ್ಯಾಮೆರಾ ಬೇಕು ಎನ್ನುವವರನ್ನು ತಳ್ಳಿಹಾಕಬೇಡಿ. ಫುಟ್‌ಬಾಲ್ ವಿಡಿಯೊವನ್ನು ಒಪ್ಪಿಕೊಂಡದ್ದು ಹಟ ಹಿಡಿದು ವರ್ಷಗಟ್ಟಲೆ ನೋವು ತಿಂದ ಮೇಲೆಯೇ. 2010ರ ಜೂನ್ 27ರಂದು ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಒಂದೇ ದಿನ ಎರಡು ಅನ್ಯಾಯಗಳಾದವು. ಜರ್ಮನಿ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು, ಗೆರೆಯಿಂದ ಚೆನ್ನಾಗಿ ಒಳಗೆ ಪುಟಿದು ಹೊರಬಂತು, ಗೋಲು ಸಿಗಲಿಲ್ಲ. ಅದೇ ಸಂಜೆ ಮೆಕ್ಸಿಕೊ ವಿರುದ್ಧ ಅರ್ಜೆಂಟೀನಾದ ಟೆವೆಜ್ ಸ್ಪಷ್ಟವಾಗಿ ಆಫ್‌ಸೈಡ್‌ನಲ್ಲಿದ್ದು ಗೋಲು ಹೊಡೆದರು. ಆ ದೃಶ್ಯ ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆಯೇ ಮೂಡಿತು. ಮೆಕ್ಸಿಕೊ ಆಟಗಾರರು ಪರದೆ ತೋರಿಸಿ ಗೋಗರೆದರು. ಇಟಲಿಯ ರೆಫರಿ ರೊಸೆಟ್ಟಿ ಸಹಾಯಕ ರೆಫರಿಯ ಬಳಿ ಹೋಗಿ ಮಾತನಾಡಿದರು. ವಿಡಿಯೊ ನೋಡಿ ತೀರ್ಪು ಬದಲಿಸಲು ನಿಯಮ ಬಿಡುತ್ತಿರಲಿಲ್ಲ, ಗೋಲು ಉಳಿಯಿತು. ಎಲ್ಲರಿಗೂ ಗೊತ್ತಿರುವ ಸತ್ಯ ರೆಫರಿಗೆ ಮಾತ್ರ ನಿಷಿದ್ಧವಾಗಿರುವ ಸ್ಥಿತಿ ಅದು. ಅದೇ ರೊಸೆಟ್ಟಿ ಮುಂದೆ ಇಟಲಿಯಲ್ಲಿ ವಿಡಿಯೊ ವ್ಯವಸ್ಥೆ ತರುವ ಕೆಲಸದಲ್ಲಿ ತೊಡಗಿ, 2018ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟದ ರೆಫರಿ ವಿಭಾಗದ ಮುಖ್ಯಸ್ಥರಾದರು.

ಅಲ್ಲಿಂದ ಬದಲಾವಣೆ ವೇಗ ಪಡೆಯಿತು. ಆಟದ ನಿಯಮಗಳನ್ನು ರೂಪಿಸುವ ಐಎಫ್‌ಎಬಿ 2012ರಲ್ಲಿ ಗೋಲು ಗೆರೆ ತಂತ್ರಜ್ಞಾನಕ್ಕೆ ಒಪ್ಪಿತು. 2014ರ ವಿಶ್ವಕಪ್‌ನಲ್ಲಿ ಅದು ಬಳಕೆಗೆ ಬಂತು. ಚೆಂಡು ಗೆರೆ ದಾಟಿದ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರ ಅದುರಿ ತಿಳಿಸುತ್ತದೆ, ಅಷ್ಟೇ. ಪರದೆಗಳಲ್ಲಿ ಪಂದ್ಯ ನೋಡಿ ಮೈದಾನದ ರೆಫರಿಗೆ ನೆರವಾಗುವ ವಿಡಿಯೊ ಅಸಿಸ್ಟೆಂಟ್ ರೆಫರಿ, ಅಂದರೆ ವಿಎಆರ್, 2018ರ ಮಾರ್ಚ್‌ನಲ್ಲಿ ನಿಯಮ ಪುಸ್ತಕಕ್ಕೆ ಸೇರಿ ಆ ವರ್ಷದ ರಷ್ಯಾ ವಿಶ್ವಕಪ್‌ನಲ್ಲಿ ಬಂತು.

ಹಾಗಾದರೆ ಜಗಳ ಏಕೆ ನಿಲ್ಲಲಿಲ್ಲ? ಈ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಅಡಗಿದೆ. ರೆಫರಿ ಒಂದು ಪಂದ್ಯದಲ್ಲಿ ಎರಡು ಬಗೆಯ ತೀರ್ಪು ಕೊಡುತ್ತಾರೆ. ಚೆಂಡು ಗೆರೆ ದಾಟಿತೇ, ಫೌಲ್ ನಡೆದದ್ದು ಪೆನಾಲ್ಟಿ ಆವರಣದ ಒಳಗೋ ಹೊರಗೋ, ಆಟಗಾರ ಆಫ್‌ಸೈಡ್ ಸ್ಥಾನದಲ್ಲಿದ್ದನೇ ಎಂಬುವು ಅಳತೆಯ ವಿಷಯ. ಇವುಗಳಿಗೆ ಒಂದೇ ಸರಿಯುತ್ತರ ಇದೆ, ಉಪಕರಣ ಚೆನ್ನಾಗಿದ್ದರೆ ಅದು ಸಿಗುತ್ತದೆ. ಆದರೆ ಆ ತಳ್ಳುವಿಕೆ ಅಜಾಗರೂಕತೆಯೋ ಸಹಜ ಮೈತಾಗುವಿಕೆಯೋ, ಕೈ ಅಸಹಜವಾಗಿ ಚಾಚಿಕೊಂಡಿತ್ತೇ, ಆ ಅಡ್ಡಗಾಲು ಕೆಂಪು ಕಾರ್ಡಿನಷ್ಟು ಅಪಾಯಕಾರಿಯೇ ಎಂಬುವು ವಿವೇಚನೆಯ ವಿಷಯ. ಇಲ್ಲಿ ನಿಯಮವೇ ರೆಫರಿಯ ತೀರ್ಮಾನಕ್ಕೆ ಜಾಗ ಬಿಟ್ಟಿದೆ. ಒಂದೇ ದೃಶ್ಯವನ್ನು ಅನುಭವಿ ರೆಫರಿಗಳ ಗುಂಪಿಗೆ ತೋರಿಸಿ ಕೈ ಎತ್ತಿಸಿದರೆ ಗುಂಪು ಎರಡಾಗುವುದನ್ನು ನಾನು ತರಬೇತಿ ಶಿಬಿರಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಇಂಥ ಕಡೆ ಕ್ಯಾಮೆರಾ ಎಷ್ಟೇ ಹೆಚ್ಚಿದರೂ ಒಮ್ಮತ ಹುಟ್ಟುವುದಿಲ್ಲ.

2018ರ ವಿಶ್ವಕಪ್ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರೊವೇಷ್ಯಾದ ಪೆರಿಸಿಚ್ ಕೈಗೆ ಚೆಂಡು ತಗುಲಿತು. ಅದು ತಗುಲಿದ್ದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ರೆಫರಿ ಪಿಟಾನ ಮೈದಾನದ ಅಂಚಿನ ಪರದೆಯ ಮುಂದೆ ನಿಂತು ನೋಡಿದರು, ಹೊರಟವರು ಮತ್ತೆ ಹಿಂದಿರುಗಿ ನೋಡಿದರು, ಆಮೇಲೆ ಫ್ರಾನ್ಸ್‌ಗೆ ಪೆನಾಲ್ಟಿ ಕೊಟ್ಟರು. ಆ ತೀರ್ಪಿನ ಬಗ್ಗೆ ಬಲ್ಲವರು ಇವತ್ತಿಗೂ ಎರಡು ಮಾತಾಡುತ್ತಾರೆ. ಪಿಟಾನ ಅವರಿಗೆ ಬೇಕಾದ ಚಿತ್ರಗಳೆಲ್ಲ ಎದುರಿಗಿದ್ದವು. ತೂಗಿ ನೋಡುವ ಭಾರ ಮಾತ್ರ ಅವರ ಮೇಲೆಯೇ ಉಳಿದಿತ್ತು.

ಸ್ಲೋ ಮೋಷನ್ ಸತ್ಯವನ್ನು ಹೊರಗೆಡಹುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಬೇಕು. ನಿಧಾನಗತಿಯಲ್ಲಿ ನೋಡಿದಾಗ ಆಟಗಾರನಿಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು ಎಂಬ ಭಾವನೆ ನಮ್ಮಲ್ಲಿ ಮೂಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆದ ಡಿಕ್ಕಿ ಬೇಕೆಂದೇ ಮಾಡಿದ ಹಲ್ಲೆಯಂತೆ ಕಾಣುತ್ತದೆ. ಇದಕ್ಕಾಗಿಯೇ ವಿಎಆರ್ ನಿಯಮಾವಳಿ ಎರಡನ್ನೂ ಬೇರೆಬೇರೆ ಇಟ್ಟಿದೆ: ಎಲ್ಲಿ ತಗುಲಿತು, ಯಾವ ಜಾಗದಲ್ಲಿ ನಡೆಯಿತು ಎಂದು ತಿಳಿಯಲು ನಿಧಾನಗತಿ, ಎಷ್ಟು ಬಲವಾಗಿ ಬಿತ್ತು, ಕೈಗೆ ತಗುಲಿದ್ದು ಅಪರಾಧವೇ ಎಂದು ನಿರ್ಧರಿಸಲು ಸಹಜ ವೇಗ. ಟೀವಿಯಲ್ಲಿ ನಿರೂಪಕರು ಫೌಲ್‌ನ ತೀವ್ರತೆಯನ್ನು ನಿಧಾನಗತಿಯಲ್ಲೇ ಮತ್ತೆ ಮತ್ತೆ ತೋರಿಸುವಾಗ ಈ ಎಚ್ಚರ ಇರುವುದಿಲ್ಲ.

ವಿಎಆರ್ ಪ್ರತಿಯೊಂದು ತಪ್ಪನ್ನೂ ಸರಿಪಡಿಸಲು ಕುಳಿತಿದೆ ಎಂಬುದೂ ನಿಜವಲ್ಲ. ಅದು ಬಂದಾಗ ಅದಕ್ಕೆ ಒಪ್ಪಿಸಿದ್ದು ನಾಲ್ಕು ಸಂದರ್ಭ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಮತ್ತು ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕಾರ್ಡ್ ತೋರಿಸಿದಾಗ. ಅಲ್ಲಿಯೂ ತಪ್ಪು ಸ್ಪಷ್ಟವಾಗಿ, ಎದ್ದು ಕಾಣುವಂತಿರಬೇಕು. ಮೈದಾನದ ರೆಫರಿ ಮೊದಲು ತಾವೇ ತೀರ್ಪು ಕೊಟ್ಟಿರಬೇಕು. ಗೊತ್ತಾಗಲಿಲ್ಲ, ನೀವೇ ನೋಡಿ ಹೇಳಿ ಎನ್ನುವಂತಿಲ್ಲ. ಆದ್ದರಿಂದ ಹೌದು ಎಂದರೂ ನಡೆಯುವ, ಅಲ್ಲ ಎಂದರೂ ನಡೆಯುವ ಘಟನೆಯಲ್ಲಿ ವಿಎಆರ್ ಸುಮ್ಮನಿರುತ್ತದೆ. ಈ ವಾರ ಒಂದು ಪೆನಾಲ್ಟಿ ಸಿಕ್ಕಿ, ಮುಂದಿನ ವಾರ ಹೆಚ್ಚುಕಡಿಮೆ ಅಂಥದ್ದೇ ಘಟನೆಗೆ ಸಿಗದಿದ್ದಾಗ ಪಕ್ಷಪಾತ ಎಂಬ ಕೂಗು ಏಳುತ್ತದೆ. ಎಷ್ಟೋ ಸಲ ಅದಕ್ಕೆ ಕಾರಣ ಇಷ್ಟೇ: ಮೈದಾನದ ಇಬ್ಬರು ರೆಫರಿಗಳು ಬೇರೆಬೇರೆ ತೀರ್ಪು ಕೊಟ್ಟಿದ್ದರು, ಎರಡೂ ವಿಎಆರ್ ಕೈಹಾಕುವಷ್ಟು ಕೆಟ್ಟದಾಗಿರಲಿಲ್ಲ.

ಇನ್ನು ಉಪಕರಣದ ಮಾತು. ನಿಮ್ಮ ಎರಡು ಕ್ಯಾಮೆರಾಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿ. 2022ರ ವಿಶ್ವಕಪ್‌ನಲ್ಲಿ ಆಫ್‌ಸೈಡ್ ಅಳೆಯಲು ಕ್ರೀಡಾಂಗಣದ ಚಾವಣಿಯಡಿ 12 ವಿಶೇಷ ಕ್ಯಾಮೆರಾಗಳಿದ್ದವು. ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಅವು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳುಹಿಸುತ್ತಿತ್ತು, ಕಾಲು ತಗುಲಿದ ಕ್ಷಣ ತಪ್ಪಿಹೋಗದಿರಲಿ ಎಂದು. ಇಷ್ಟಾದ ಮೇಲೂ ಒಬ್ಬ ಮನುಷ್ಯ ಅದನ್ನು ಪರಿಶೀಲಿಸಿಯೇ ರೆಫರಿಗೆ ತಿಳಿಸುತ್ತಿದ್ದ. ಇಂಥ ವ್ಯವಸ್ಥೆಗಳೂ ಕೈಕೊಡುವುದುಂಟು. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಕ್ಲಬ್ ಆಸ್ಟನ್ ವಿಲಾದ ಗೋಲ್‌ಕೀಪರ್ ಚೆಂಡನ್ನು ಹಿಡಿದುಕೊಂಡೇ ಗೆರೆಯ ಒಳಗೆ ಹೋದರು. ಆಟಗಾರರ ಗುಂಪು ಮತ್ತು ಗೋಲು ಕಂಬದ ಮರೆಯಿಂದಾಗಿ ಆ ತುದಿಯಲ್ಲಿದ್ದ ಗೋಲು ಗೆರೆ ತಂತ್ರಜ್ಞಾನದ ಏಳೂ ಕ್ಯಾಮೆರಾಗಳಿಗೆ ಚೆಂಡು ಸರಿಯಾಗಿ ಕಾಣಲಿಲ್ಲ. ರೆಫರಿಯ ಗಡಿಯಾರ ಅದುರಲಿಲ್ಲ. ಶೆಫೀಲ್ಡ್ ಯುನೈಟೆಡ್‌ಗೆ ಸಲ್ಲಬೇಕಿದ್ದ ಗೋಲು ಹೋಯಿತು, ಪಂದ್ಯ 0-0ರಲ್ಲಿ ಮುಗಿಯಿತು.

ಉಪಕರಣ ಕೈಕೊಡದಿದ್ದರೂ ಮಾತು ಕೈಕೊಡಬಹುದು. 2023ರ ಸೆಪ್ಟೆಂಬರ್ 30ರಂದು ಟಾಟನಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ದಿಯಾಜ್ ಹೊಡೆದ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದರು. ವಿಡಿಯೊ ಕೋಣೆಯಲ್ಲಿದ್ದವರು ಅಳೆದು ನೋಡಿದಾಗ ಆಫ್‌ಸೈಡ್ ಇಲ್ಲವೆಂದು ಸರಿಯಾಗಿಯೇ ಕಂಡುಕೊಂಡರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದು ಭಾವಿಸಿ ‘ಪರಿಶೀಲನೆ ಮುಗಿದಿದೆ’ ಎಂದಷ್ಟೇ ಹೇಳಿದರು. ಆಫ್‌ಸೈಡ್ ಖಚಿತವಾಯಿತು ಎಂದುಕೊಂಡ ರೆಫರಿ ಆಟ ಮುಂದುವರಿಸಿದರು. ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗಲು ನಿಯಮದಲ್ಲಿ ಅವಕಾಶವಿರಲಿಲ್ಲ. ವೃತ್ತಿಯೇ ಇದಾಗಿರುವ, ವರ್ಷಗಟ್ಟಲೆ ಅಭ್ಯಾಸ ಮಾಡಿದವರ ನಡುವೆ ಆದದ್ದು ಇದು. ಅಂದಿನ ಸಂಭಾಷಣೆಯ ಧ್ವನಿಮುದ್ರಣವನ್ನು ಆಮೇಲೆ ಸಾರ್ವಜನಿಕಗೊಳಿಸಿದರು. ನನ್ನ ತರಗತಿಗಳಲ್ಲಿ ಅದನ್ನು ಪಾಠವಾಗಿ ಬಳಸುತ್ತೇನೆ: ಮೈದಾನದ ತೀರ್ಪು ಏನು ಎಂಬುದನ್ನು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಪರಿಶೀಲಿಸಿ.

ಇಷ್ಟಾಗಿಯೂ ದೊಡ್ಡ ಲೀಗ್‌ಗಳಿಗೆ ವಿಎಆರ್ ಬೇಡ ಎಂದು ನಾನು ಹೇಳುವುದಿಲ್ಲ. ಟೆವೆಜ್ ಗೋಲಿನಂಥ ತಪ್ಪು ಇಂದು ಉಳಿಯಲಾರದು, ಅದು ಸಣ್ಣ ಲಾಭವಲ್ಲ. 2024ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಮುಂದೆ ವಿಎಆರ್ ಕೈಬಿಡುವ ಪ್ರಸ್ತಾವ ಬಂದಾಗ 19 ಕ್ಲಬ್‌ಗಳು ಉಳಿಯಲಿ ಎಂದವು, ಒಂದು ಮಾತ್ರ ಬೇಡ ಎಂದಿತು. ಅದೇ ವರ್ಷ ಸ್ವೀಡನ್ನಿನ ಕ್ಲಬ್‌ಗಳು ತಮಗೆ ವಿಎಆರ್ ಬೇಡವೆಂದು ತೀರ್ಮಾನಿಸಿದವು. ಎರಡೂ ಗೌರವಿಸಬೇಕಾದ ನಿಲುವುಗಳೇ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಪೂರ್ಣ ಪ್ರಮಾಣದ ವಿಎಆರ್ ಅನ್ನು ನೀವು ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲ. ಅದಕ್ಕೆ ತರಬೇತಾದ ಸಿಬ್ಬಂದಿ, ನಿಗದಿತ ವ್ಯವಸ್ಥೆ ಮತ್ತು ಫಿಫಾದ ಲಿಖಿತ ಅನುಮತಿ ಬೇಕು.

ಸಮಿತಿಯವರ ಮನಸ್ಸಿನಲ್ಲಿರುವ ಎರಡು ಕ್ಯಾಮೆರಾಗಳ ಮನೆಮಟ್ಟದ ವ್ಯವಸ್ಥೆಯೇ ನನಗೆ ಹೆಚ್ಚು ಭಯ ಹುಟ್ಟಿಸುವಂಥದ್ದು. ಅನುಮತಿ ಇಲ್ಲದೆ ವಿಡಿಯೊ ನೋಡಿ ತೀರ್ಪು ಬದಲಿಸುವುದು ಆಟದ ನಿಯಮಕ್ಕೆ ಹೊರಗು. ನಿಮ್ಮ ಲೀಗ್ ಯಾವುದಾದರೂ ಸಂಸ್ಥೆಯ ಅಡಿಯಲ್ಲಿದ್ದರೆ ರೆಫರಿಯೇ ಇಕ್ಕಟ್ಟಿಗೆ ಸಿಲುಕುತ್ತಾರೆ. ನಿಯಮದ ಮಾತು ಬದಿಗಿಟ್ಟರೂ ತೊಂದರೆ ಮುಗಿಯುವುದಿಲ್ಲ. ಒಂದು ಗೋಲಿನ ಕಡೆ ಚೆನ್ನಾಗಿ ಕಾಣುತ್ತದೆ, ಇನ್ನೊಂದು ಕಡೆ ಮಸುಕು. ಆಗ ಒಂದು ತಂಡಕ್ಕೆ ಸಾಕ್ಷಿ ಇದೆ, ಇನ್ನೊಂದಕ್ಕೆ ಇಲ್ಲ. ಯಾವ ದೃಶ್ಯ ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವವರು ಯಾವ ತಂಡದ ನಂಟರು ಎಂಬ ಮಾತು ಏಳುತ್ತದೆ. ಪರದೆಯ ಸುತ್ತ ಇಪ್ಪತ್ತು ಜನ ಮುತ್ತಿಕೊಂಡಿರುವಾಗ ರೆಫರಿ ಸಮಾಧಾನದಿಂದ ನೋಡಲಾರರು. ಕಳೆದ ಸಲ ಒಂದು ಮೊಬೈಲ್ ಮಾಡಿದ ಹಾನಿಯನ್ನು ಈ ಸಲ ನಿಮ್ಮ ಸಮಿತಿಯೇ ಅಧಿಕೃತವಾಗಿ ಮಾಡಿದಂತಾದೀತು.

ಮೂರನೆಯ ದಾರಿ ಇನ್ನೂ ಎಳೆಯದು, ಆದರೆ ಕಣ್ಣಿಟ್ಟಿರಿ. ಕಡಿಮೆ ಕ್ಯಾಮೆರಾಗಳಿರುವ ಟೂರ್ನಿಗಳಿಗಾಗಿ ಫಿಫಾ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ ಎಂಬ ಪದ್ಧತಿಯನ್ನು ಪ್ರಯೋಗಿಸುತ್ತಿದೆ. 2024ರಲ್ಲಿ 20 ಮತ್ತು 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ಗಳಲ್ಲಿ ಅದನ್ನು ಬಳಸಿದರು. ಅಲ್ಲಿ ಪ್ರತಿ ದೃಶ್ಯವನ್ನೂ ಕಾಯುವ ವಿಡಿಯೊ ರೆಫರಿ ಇರುವುದಿಲ್ಲ. ಪ್ರತಿ ತರಬೇತುದಾರರಿಗೆ ಪಂದ್ಯಕ್ಕೆ ಎರಡು ಮನವಿಗಳು. ಮನವಿ ಬಂದಾಗ ರೆಫರಿಯೇ ಹೋಗಿ ನೋಡುತ್ತಾರೆ, ತೀರ್ಪು ಬದಲಾದರೆ ಆ ಮನವಿ ತರಬೇತುದಾರರಿಗೇ ಉಳಿಯುತ್ತದೆ. ಇದರ ಒಂದು ಗುಣ ನನಗೆ ಹಿಡಿಸಿದೆ: ಕೇಳುವ ಹೊಣೆ ತಂಡದ ಮೇಲೆಯೇ ಬೀಳುತ್ತದೆ. ಎದುರಾಳಿಯ ಓಘ ಮುರಿಯಲು ತರಬೇತುದಾರರು ಮನವಿಯನ್ನು ದುರುಪಯೋಗ ಮಾಡಿಕೊಳ್ಳುವ ಅಪಾಯವಿದೆ. ಇದಕ್ಕೂ ಅನುಮತಿ ಬೇಕು, ಸ್ವಂತವಾಗಿ ಶುರು ಮಾಡಬೇಡಿ.

ಈ ವರ್ಷವೇ ಮಾಡಬಹುದಾದದ್ದು, ನಾನು ಒತ್ತಿ ಹೇಳುವುದು ಬೇರೆಯೇ. ಕ್ಯಾಮೆರಾಕ್ಕೆ ಎತ್ತಿಟ್ಟ ಹಣದ ದೊಡ್ಡ ಪಾಲನ್ನು ತರಬೇತಾದ ಇಬ್ಬರು ಸಹಾಯಕ ರೆಫರಿಗಳಿಗೆ ಖರ್ಚು ಮಾಡಿ. ಹವ್ಯಾಸಿ ಪಂದ್ಯಗಳಲ್ಲಿ ಬಾವುಟ ಹಿಡಿಯುವವರು ಬಹಳ ಸಲ ತಂಡಗಳವರೇ ಆಗಿರುತ್ತಾರೆ. ಚೆಂಡನ್ನು ನೋಡುತ್ತ ನಿಂತು ಡಿಫೆಂಡರ್‌ನ ನೇರ ತಪ್ಪಿಸಿಕೊಳ್ಳುತ್ತಾರೆ. ಆಫ್‌ಸೈಡ್ ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿ. ಮೈದಾನಕ್ಕೆ ಮುಖಮಾಡಿ ಅಡ್ಡಹೆಜ್ಜೆಯಲ್ಲಿ ಓಡುವುದು, ಪಾಸ್ ಆದ ಕ್ಷಣದ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಅನುಮಾನವಿದ್ದರೆ ಬಾವುಟ ಎತ್ತದಿರುವುದು ಕಲಿಸಿದರೆ ಬರುತ್ತವೆ. ಸಾಧ್ಯವಾದರೆ ಮೂವರಿಗೂ ಮಾತನಾಡಿಕೊಳ್ಳಲು ವೈರ್‌ಲೆಸ್ ಸೆಟ್ ಕೊಡಿಸಿ, ಅದಕ್ಕೆ ನಿಯಮದ ಒಪ್ಪಿಗೆ ಇದೆ.

ತೀರ್ಪಿನ ಕಾರಣ ಹೇಳುವ ಪದ್ಧತಿಯನ್ನೂ ತನ್ನಿ. 2023ರ ಮಹಿಳಾ ವಿಶ್ವಕಪ್‌ನಲ್ಲಿ ವಿಡಿಯೊ ಪರಿಶೀಲನೆಯ ನಂತರ ರೆಫರಿಗಳು ಮೈಕ್‌ನಲ್ಲಿ ತೀರ್ಪನ್ನು ಪ್ರಕಟಿಸಿದರು. ನಿಮಗೆ ಮೈಕ್ ಬೇಡ. ಮಹತ್ವದ ತೀರ್ಪಿನ ನಂತರ ಎರಡೂ ತಂಡಗಳ ನಾಯಕರನ್ನು ಮಾತ್ರ ಕರೆದು ರೆಫರಿ ಒಂದು ವಾಕ್ಯ ಹೇಳಲಿ: ಪಾಸ್ ಆದಾಗ 9ನೇ ಸಂಖ್ಯೆಯವನು ಕೊನೆಯಿಂದ ಎರಡನೆಯವನಿಗಿಂತ ಮುಂದಿದ್ದ, ಸಹಾಯಕರು ನೇರದಲ್ಲಿದ್ದರು. ಏಕೆ ಎಂದು ತಿಳಿದವರ ಸಿಟ್ಟು ಅರ್ಧದಷ್ಟಾದರೂ ಇಳಿಯುತ್ತದೆ.

ಕ್ಯಾಮೆರಾಗಳನ್ನು ಪಂದ್ಯ ಮುಗಿದ ಮೇಲೆ ಬಳಸಿ. ಟೂರ್ನಿಯ ನಿಯಮದಲ್ಲಿ ಮೊದಲೇ ಬರೆದಿಡಿ: ಗೋಲು ಸೇರಿದಂತೆ ಆಟದ ಸಂಗತಿಗಳ ಬಗ್ಗೆ ರೆಫರಿಯ ತೀರ್ಪು ಅಂತಿಮ, ಯಾವ ವಿಡಿಯೊದಿಂದಲೂ ಫಲಿತಾಂಶ ಬದಲಾಗುವುದಿಲ್ಲ. ರೆಫರಿಯ ಕಣ್ಣಿಗೆ ಬೀಳದ ಹೊಡೆದಾಟ, ಬೇರೆಯವನಿಗೆ ತೋರಿಸಿದ ಕಾರ್ಡ್, ಈ ಎರಡಕ್ಕೆ ಮಾತ್ರ ಶಿಸ್ತು ಸಮಿತಿಯು ಲೀಗ್‌ನದೇ ಕ್ಯಾಮೆರಾದ ದೃಶ್ಯ ನೋಡಬಹುದು. ಪ್ರೇಕ್ಷಕರ ಮೊಬೈಲ್ ಲೆಕ್ಕಕ್ಕಿಲ್ಲ. ಎಂಟೂ ತಂಡಗಳ ನಾಯಕರಿಂದ ಮೊದಲ ಪಂದ್ಯಕ್ಕೆ ಮುನ್ನ ಸಹಿ ಹಾಕಿಸಿಕೊಳ್ಳಿ. ಉಳಿದ ದೃಶ್ಯಗಳನ್ನು ರೆಫರಿಗಳ ಕೈಗೆ ಕೊಡಿ. ತಾವು ನಿಂತ ಜಾಗ ಸರಿಯಿತ್ತೇ ಎಂದು ನೋಡಿಕೊಳ್ಳಲು ಅವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಧ್ಯರೇಖೆಯ ನೇರಕ್ಕೆ, ಆದಷ್ಟು ಎತ್ತರದಲ್ಲಿ ಇಡೀ ಮೈದಾನ ಕಾಣುವಂತೆ ಒಂದು ಕ್ಯಾಮೆರಾ ಇದ್ದರೆ ಇದಕ್ಕೆ ಸಾಕು. ಕಳೆದ ಫೈನಲ್‌ನ ರೆಫರಿಯನ್ನು ಸಹಾಯಕ ರೆಫರಿಗಳ ಈ ತರಬೇತಿಗೆ ಕರೆದು ನೋಡಿ. ಬೇಕಿದ್ದರೆ ನಾನೇ ಅವರೊಂದಿಗೆ ಮಾತನಾಡುತ್ತೇನೆ.